ತಂಗಡಿ ಹೂವಿನ ಒಗರು

ಆ ದಿನ ಬೆಳಿಗ್ಗೆಯೂ ಎಂದಿನಂತೆ ಹಾಲು ಕಾಯಿಸಿ, ಬಾಗಿಲಿಗೆ ನೀರು ಹಾಕಿ, ಎರಡೆಳೆ ರಂಗೋಲಿ ಎಳೆದು ಒಳಗೆ ಬಂದೆ. ನಮ್ಮವರ ಡಬ್ಬಿಗೆ ಚಪಾತಿ, ಹೀರೇಕಾಯಿ ಪಲ್ಯ. ಕುಕ್ಕರ್ ಇಳಿಸಿದ ಮೇಲೆ, ಹಿಂದಿನ ದಿನ ಚಂದಾಪುರದ ಸಂತೆಯಿಂದ ತಂದಿಟ್ಟಿದ್ದ ಬಾಳೆ ಹೂವನ್ನು ಎತ್ತಿಕೊಂಡು ಅಡುಗೆಮನೆಯ ನೆಲದ ಮೇಲೆ ಕೂತೆ. ಒಂದೊಂದೇ ಕೆಂಪು ಎಸಳು ಬಿಡಿಸಿ, ಒಳಗಿನ ಎಳೆ ಹೂಗಳ ಮಧ್ಯದ ಗಟ್ಟಿ ಕಡ್ಡಿ ಕಿತ್ತು, ಸಣ್ಣಗೆ ಹೆಚ್ಚಿ ಮಜ್ಜಿಗೆ ನೀರಿಗೆ ಹಾಕುವ ಕೆಲಸ. ಕೈಗೆ ಎಣ್ಣೆ ಸವರಿಕೊಂಡಿದ್ದರೂ ಬೆರಳ ತುದಿಗಳು ಕಪ್ಪಾಗುತ್ತಾ ಬಂದವು.

ನಮ್ಮವರು, ಅಂದರೆ ಮುರಳಿ, ಫ್ಯಾಕ್ಟರಿ ಬಸ್ಸಿಗೆ ಹೊರಟು ಶೂ ಕಟ್ಟುತ್ತಿದ್ದವರು ಬಾಗಿಲಿನಿಂದ ಇಣುಕಿದರು. “ಶೈಲೂ, ಮಧ್ಯಾಹ್ನ ವೈವಾ ಇಟ್ಕೊಂಡು ಯಾರಾದ್ರೂ ಬಾಳೆ ಹೂ ಬಿಡಿಸ್ತಾರೇನೇ?”

“ಕೈ ಸುಮ್ನಿದ್ರೆ ಭಯ ಆಗುತ್ತೆ ರೀ.”

“ಭಯ ಇದ್ರೆ ಒಳ್ಳೇದೇ. ನಿಮ್ಮ ಗೈಡ್ ಹೇಳಿದಷ್ಟು ಹೇಳಿ ಬಂದ್ಬಿಡು.”

ನಾನು ಮಜ್ಜಿಗೆ ನೀರಿನಲ್ಲಿ ಹೂವು ಮುಳುಗಿಸುತ್ತಾ ಕೂತೆ. ಅವರು ಒಂದು ಗಳಿಗೆ ನನ್ನ ಮುಖ ನೋಡಿ, “ನಿನ್ನ ಮುಖ ನೋಡಿದ್ರೆ ಅಷ್ಟೇ ಹೇಳಿ ಬರೋ ಹಾಗೆ ಕಾಣಲ್ಲ” ಎಂದು ಡಬ್ಬಿ ಎತ್ತಿಕೊಂಡು ಹೊರಟರು.

ಈಗಲೂ ಬಾಳೆ ಹೂ ಹೆಚ್ಚುವಾಗ ಆ ಒಗರು ವಾಸನೆ ಮೂಗಿಗೆ ಬಡಿದರೆ ಸಾಕು, ಆ ವರ್ಷ ಇಡಿಯಾಗಿ ಎದ್ದು ಬರುತ್ತದೆ. ಅಂದು ಮಧ್ಯಾಹ್ನ ಆ ಮೌಖಿಕ ಪರೀಕ್ಷೆಯಲ್ಲಿ ನಾನು ಆಡಬೇಕಿದ್ದ ಒಂದು ಮಾತಿನ ಮೇಲೆ ನನ್ನ ಎಂ.ಎಸ್ಸಿ. ಡಿಗ್ರಿ ನಿಂತಿತ್ತು. ಪಕ್ಕದ ಮನೆಯ ಮುನಿರತ್ನಕ್ಕನ ಕಾಲೂ ಅದರ ಮೇಲೆಯೇ ನಿಂತಿತ್ತು ಎಂದರೆ ಹೆಚ್ಚು ಹೇಳಿದಂತಾಗದು.

ನಮ್ಮ ಲೇಔಟ್ ಇರುವುದು ಚಂದಾಪುರದಿಂದ ಜಿಗಣಿ ಕಡೆಗೆ ಹೋಗುವ ರಸ್ತೆಯಲ್ಲಿ. ನಾವು ಬರುವ ಮುಂಚೆ ಅದು ರಾಗಿ ಹೊಲ. ಹೊಲ ಮುನಿರತ್ನಕ್ಕನ ಮನೆಯವರದು. ಈಗ ಆಕೆ ಎರಡು ಸಾಲು ಬಾಡಿಗೆ ಮನೆಗಳ ಒಡತಿ. ಆದರೂ ಬೆಳಗಾದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಖಾಲಿ ಬಿಟ್ಟ ಮೂಲೆ ಸೈಟಿನಲ್ಲಿ ಅವರೆ, ದಂಟು ಎಂದು ಏನಾದರೂ ಕೆದಕುತ್ತಿರುತ್ತಾಳೆ. ಆ ಸೈಟಿನ ಬೇಲಿಯುದ್ದಕ್ಕೂ ತಂಗಡಿ ಗಿಡ ತಾನಾಗಿಯೇ ಎದ್ದು ನಿಂತಿತ್ತು. ಆವರಿಕೆ ಎಂದೂ ಅದನ್ನು ಕರೆಯುತ್ತಾರೆ. ಲಾರಿಗಳ ಧೂಳು ಎಲೆಗಳ ಮೇಲೆ ಎಷ್ಟು ಕೂತರೂ ಹೂವಿನ ಅರಿಶಿನ ಬಣ್ಣ ಮಾಸುತ್ತಿರಲಿಲ್ಲ.

ಮಗಳು ಹಾಸ್ಟೆಲ್ಲಿಗೆ ಹೋದ ಮೇಲೆ ನಾನು ಹೊಸೂರು ರಸ್ತೆಯ ಒಂದು ಖಾಸಗಿ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಎಂ.ಎಸ್ಸಿ.ಗೆ ಸೇರಿದೆ. ಮದುವೆಗೆ ಮುಂಚೆ ಬಿ.ಎಸ್ಸಿ. ಆಗಿತ್ತು, ಅಲ್ಲಿಗೆ ನಿಂತಿತ್ತು. “ಈ ವಯಸ್ಸಲ್ಲಿ ಓದಿ ಯಾವ ಆಫೀಸಿಗೆ ಹೋಗ್ತೀಯಾ?” ಎಂದು ನಮ್ಮತ್ತಿಗೆ ಕೇಳಿದ್ದರು. ಎಲ್ಲಿಗೂ ಹೋಗುವುದಿಲ್ಲ ಎಂದಿದ್ದೆ. ಅದು ನಿಜವೂ ಆಗಿತ್ತು. ತರಗತಿಯಲ್ಲಿ ನನಗಿಂತ ದೊಡ್ಡವರು ಯಾರೂ ಇರಲಿಲ್ಲ, ನಮ್ಮ ಗೈಡ್ ಪ್ರಸನ್ನ ಸರ್ ಕೂಡ ನನಗಿಂತ ಚಿಕ್ಕವರು. ನನ್ನನ್ನು ಮೇಡಂ ಎನ್ನುತ್ತಿದ್ದರು. ಉಳಿದವರಿಗೆ ನಾನು ಆಂಟಿ. ಪ್ರಯೋಗದ ಬೆಂಚಿನಲ್ಲಿ ನನ್ನ ಜೊತೆಗಾತಿ ಅಶ್ವಿನಿ. ಅವಳ ಅಣ್ಣನಿಗೆ ಜಿಗಣಿಯಲ್ಲಿ ಕೆಲಸ, ಇಬ್ಬರೂ ಮುನಿರತ್ನಕ್ಕನ ಬಾಡಿಗೆ ಮನೆಯಲ್ಲೇ ಇದ್ದರು.

ಕೊನೆಯ ವರ್ಷದ ಪ್ರಾಜೆಕ್ಟಿಗೆ ಏನು ಮಾಡುವುದೆಂದು ಯೋಚಿಸುತ್ತಿದ್ದಾಗ ಕಂಡದ್ದೇ ಆ ತಂಗಡಿ. ಮುನಿರತ್ನಕ್ಕನಿಗೆ ಸಕ್ಕರೆ ಕಾಯಿಲೆ. ಮಾತ್ರೆಯ ಜೊತೆಗೆ ಒಣಗಿಸಿದ ತಂಗಡಿ ಹೂವಿನ ಕಷಾಯವನ್ನೂ ಕುಡಿಯುತ್ತಿದ್ದಳು.

“ನಮ್ಮತ್ತೆ ಕುಡೀತಿದ್ರು ಕಣಮ್ಮ, ಅವ್ರತ್ತೇನೂ ಕುಡೀತಿದ್ರು. ಡಾಕ್ಟ್ರು ಬರೋಕ್ ಮುಂಚೆ ಬೇಲಿ ಇತ್ತಲ್ಲ” ಎಂದಿದ್ದಳು.

ಈ ಹೂವಿನಲ್ಲಿ ನಿಜವಾಗಿ ಏನಿದೆ ಎಂದು ನೋಡೋಣವೇ ಎಂದು ಪ್ರಸನ್ನ ಸರ್ ಬಳಿ ಕೇಳಿದೆ. ಅವರು ಖುಷಿಯಿಂದ ಒಪ್ಪಿದರು. ದಸರಾ ಮುಗಿದು ಚಳಿ ಬೀಳುವ ಹೊತ್ತಿಗೆ ನಾನೂ ಮುನಿರತ್ನಕ್ಕನೂ ಬೆಳಗಿನ ಇಬ್ಬನಿ ಆರುವ ಮುಂಚೆ ಬುಟ್ಟಿ ಹಿಡಿದು ಬೇಲಿಗೆ ಹೋಗುತ್ತಿದ್ದೆವು. “ಅರಳಿದ್ ಮಾತ್ರ ಕೀಳು, ಮೊಗ್ಗು ಕಿತ್ರೆ ಗಿಡ ಶಾಪ ಹಾಕ್ತದೆ” ಎನ್ನುವಳು. ಮನೆಯ ಮಹಡಿಯಲ್ಲಿ ನೆರಳಿಗೆ ಹಳೇ ಪಂಚೆ ಹಾಸಿ ಹೂ ಹರಡಿದರೆ ಸಂಜೆ ಹೊತ್ತಿಗೆ ಒಣ ಹುಲ್ಲಿನಂಥ, ಜೇನಿನಂಥ ಒಂದು ವಾಸನೆ ಮೆಟ್ಟಿಲಿಳಿದು ಬರುತ್ತಿತ್ತು.

ಒಣಗಿದ ಹೂವನ್ನು ಪುಡಿ ಮಾಡಿ, ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಬಿಸಿ ನೀರಿನ ಮೇಲಿಟ್ಟು ಆವಿ ಮಾಡಿದರೆ ತಳದಲ್ಲಿ ಬೆಲ್ಲದ ಪಾಕದ ಹಾಗೆ ಕಪ್ಪು ಕಂದು ಅಂಟು ಉಳಿಯುತ್ತದೆ. ಅದೇ ಸಾರ. ಮುಂದಿನ ಪರೀಕ್ಷೆ ಕೇಳುವವರಿಗೆ ಸುಲಭವಾಗಿ ಅರ್ಥವಾಗುವಂಥದ್ದು. ನಾವು ಉಂಡ ಅನ್ನದ ಗಂಜಿಯನ್ನು, ಅಂದರೆ ಪಿಷ್ಟವನ್ನು, ಒಡೆದು ಸಕ್ಕರೆ ಮಾಡುವ ಒಂದು ಕಿಣ್ವ ನಮ್ಮ ಎಂಜಲಲ್ಲೂ ಕರುಳಲ್ಲೂ ಇದೆ. ಅಮೈಲೇಸ್ ಎಂದು ಅದರ ಹೆಸರು. ಅದರ ಕೈ ಕಟ್ಟಿಹಾಕಿದರೆ ಊಟದ ನಂತರ ರಕ್ತಕ್ಕೆ ಸಕ್ಕರೆ ಇಳಿಯುವುದು ನಿಧಾನವಾಗುತ್ತದೆ. ಕಿಣ್ವಕ್ಕೆ ಹೂವಿನ ಸಾರ ಬೆರೆಸಿ, ಆಮೇಲೆ ಗಂಜಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಅಯೋಡಿನ್ ಹನಿಸಬೇಕು. ಗಂಜಿ ಇನ್ನೂ ಇದ್ದರೆ ನೀಲಿ. ಕಿಣ್ವ ಅದನ್ನು ತಿಂದು ಮುಗಿಸಿದ್ದರೆ ನೀಲಿ ಇಲ್ಲ.

ನಮ್ಮ ಟ್ಯೂಬುಗಳು ಶಾಯಿ ಚೆಲ್ಲಿದಷ್ಟು ನೀಲಿಯಾದವು.

“ಆಂಟಿ! ಸಕ್ಕತ್!” ಎಂದು ಅಶ್ವಿನಿ ಕೂಗಿದ್ದಕ್ಕೆ ಪಕ್ಕದ ಬೆಂಚಿನವರೆಲ್ಲ ಬಂದರು. ಪ್ರಸನ್ನ ಸರ್ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಸಕ್ಕರೆ ಕಾಯಿಲೆಯ ಒಂದು ಮಾತ್ರೆಯ ಮದ್ದನ್ನು ಹೋಲಿಕೆಗೆ ಇಟ್ಟಿದ್ದೆವು, ಅದಕ್ಕಿಂತಲೂ ನಮ್ಮ ಹೂವಿನ ನೀಲಿಯೇ ಗಾಢ. ಆ ವಾರವೇ ಸುದ್ದಿ ಕಾಲೇಜಿನ ಆಡಳಿತದವರಿಗೆ ತಲುಪಿತು. ಬೇಸಿಗೆಯಲ್ಲಿ ನಡೆಯಬೇಕಿದ್ದ ವಿಚಾರ ಸಂಕಿರಣಕ್ಕೆ ಇದೇ ಮುಖ್ಯ ವಿಷಯವಾಯಿತು. ‘ಮಧುಮೇಹಕ್ಕೆ ತಂಗಡಿ ಹೂವಿನ ಮದ್ದು: ನಮ್ಮ ಕಾಲೇಜಿನ ಹೆಮ್ಮೆಯ ಸಂಶೋಧನೆ’ ಎಂದು ಗೇಟಿಗೆ ಬ್ಯಾನರ್ ಬಿತ್ತು. ಅದರ ಫೋಟೋ ನಮ್ಮ ಲೇಔಟಿನ ವಾಟ್ಸಾಪ್ ಗುಂಪಿಗೂ ಬಂತು. ಯಾರೋ ಕೈ ಮುಗಿಯುವ ಚಿತ್ರ ಹಾಕಿದರು, ಯಾರೋ ಹೂವಿನ ಪುಡಿ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ನನಗೆ ಮಾತ್ರ ಒಂದು ಸಣ್ಣ ವಿಷಯ ಕಣ್ಣಲ್ಲಿ ಕಸ ಬಿದ್ದಂತೆ ಚುಚ್ಚುತ್ತಿತ್ತು. ಗಂಜಿ ಹಾಕುವ ಮುಂಚೆಯೇ, ಕಿಣ್ವಕ್ಕೆ ಸಾರ ಬೆರೆಸಿದ ತಕ್ಷಣ, ಟ್ಯೂಬಿನಲ್ಲಿ ತೆಳ್ಳಗೆ ಒಂದು ಮಬ್ಬು ಏಳುತ್ತಿತ್ತು. ಹಾಲು ಒಡೆಯುವುದಕ್ಕೆ ಸ್ವಲ್ಪ ಮುಂಚೆ ಅಂಚಿನಲ್ಲಿ ಕಾಣುತ್ತದಲ್ಲ, ಹಾಗೆ. ನಾನು ಓದಿದ ಕಾನ್ವೆಂಟಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಸಿಸ್ಟರ್, ಅವಲೋಕನದ ಕಾಲಂನಲ್ಲಿ ನಿರ್ಣಯ ಬರೆದರೆ ಬೆರಳ ಗೆಣ್ಣಿಗೆ ಸ್ಕೇಲಿನಿಂದ ಹೊಡೆಯುತ್ತಿದ್ದರು. ಕಂಡದ್ದು ಬೇರೆ, ನೀನು ಅಂದುಕೊಂಡದ್ದು ಬೇರೆ. ಒಳ್ಳೆಯ ಹುಡುಗಿಯರು ಎದುರು ಮಾತಾಡಬಾರದೆಂದೂ ಅವರೇ ಕಲಿಸಿದ್ದರು. ಆ ವರ್ಷ ಅವರ ಎರಡು ಪಾಠಗಳಲ್ಲಿ ಒಂದನ್ನು ಬಿಡಬೇಕಾಗಿ ಬಂತು.

ಒಂದು ಭಾನುವಾರ ಹೀಗೆಯೇ ಬಾಳೆ ಹೂ ಮಜ್ಜಿಗೆಗೆ ಹಾಕುತ್ತಿದ್ದಾಗ ಆ ಮಬ್ಬು ನೆನಪಾಯಿತು. ಮಜ್ಜಿಗೆಗೆ ಯಾಕೆ ಹಾಕುತ್ತೇವೆ? ಒಗರು ಹೋಗಲಿ ಎಂದು. ಹಾಲಿನಲ್ಲಿರುವ ಪ್ರೋಟೀನು ಒಗರನ್ನು ಹಿಡಿದುಕೊಳ್ಳುತ್ತದೆ. ಕಿಣ್ವ ಕೂಡ ಪ್ರೋಟೀನೇ ತಾನೆ? ತಂಗಡಿ ಎಂದರೆ ಒಗರಿನ ಗಿಡ, ಅದರ ತೊಗಟೆಯಿಂದ ಹಿಂದೆ ಚರ್ಮ ಹದ ಮಾಡುತ್ತಿದ್ದರು. ಹಾಗಾದರೆ ನಮ್ಮ ಟ್ಯೂಬಿನಲ್ಲಿ ಹೂವು ಸಕ್ಕರೆ ಕಾಯಿಲೆಯ ಜೊತೆ ಹೋರಾಡುತ್ತಿಲ್ಲ. ಸಿಕ್ಕಿದ ಪ್ರೋಟೀನನ್ನು ಬಾಚಿ ತಬ್ಬಿಕೊಂಡು ತಳಕ್ಕೆ ಎಳೆಯುತ್ತಿದೆ, ಅಷ್ಟೇ. ಹೊಟ್ಟೆಯಲ್ಲಿ ಅದಕ್ಕೆ ಹಿಡಿಯಲು ಬೇಳೆ, ಹಾಲು, ಮೊಟ್ಟೆ ಏನೆಲ್ಲ ಸಿಗುತ್ತದೆ. ಕಿಣ್ವವನ್ನೇ ಹುಡುಕಿಕೊಂಡು ಯಾಕೆ ಹೋಗುತ್ತದೆ?

ಸೋಮವಾರ ಅಶ್ವಿನಿಗೆ ಹೇಳಿದೆ. ಅವಳು ಕ್ಯಾಂಟೀನಿಗೆ ಓಡಿ ಹಾಲಿಲ್ಲದ ಟೀ ಡಿಕಾಕ್ಷನ್ ತಂದಳು. “ಆಂಟಿ, ಒಗರೇ ಕಾರಣ ಆದ್ರೆ ಇದೂ ಗೆಲ್ಬೇಕು.”

ಅಯೋಡಿನ್ ಹನಿ ಸ್ವಲ್ಪ ಹೆಚ್ಚೇ ಬೇಕಾಯಿತು, ಟೀ ಅದನ್ನೂ ನುಂಗುತ್ತದೆ. ಆದರೆ ನೀಲಿ ಬಂತು. ತಂಗಡಿಯಷ್ಟೇ ನೀಲಿ.

“ಬ್ಯಾನರ್ ಬದಲಾಯಿಸ್ಬೇಕು ಆಂಟಿ. ಮಧುಮೇಹಕ್ಕೆ ಕ್ಯಾಂಟೀನ್ ಟೀ!” ಎಂದು ಅವಳು ನಗಲು ಶುರು ಮಾಡಿದಳು. ನಾನೂ ನಕ್ಕೆ. ಆಮೇಲೆ ಇಬ್ಬರಿಗೂ ನಗು ನಿಂತಿತು.

ಹಾಲಿನ ಪ್ರೋಟೀನಿನ ಬಿಳಿ ಪುಡಿ, ಕೇಸಿನ್, ಲ್ಯಾಬಿನ ಕಪಾಟಿನಲ್ಲೇ ಇತ್ತು. ಹೂವಿನ ಸಾರಕ್ಕೆ ಅದನ್ನು ಬೆರೆಸಿ, ಚೆನ್ನಾಗಿ ಕುಲುಕಿ, ಸೋಸಿ, ಒಗರು ತೆಗೆದ ಸಾರದಿಂದ ಪರೀಕ್ಷೆಯನ್ನು ಮತ್ತೆ ಮಾಡಿದೆ. ನೀಲಿ ಹೋಯಿತು. ಪೂರ್ತಿ ಹೋಗಲಿಲ್ಲ, ತಳದಲ್ಲಿ ತೆಳುವಾದ ನೇರಳೆ ಛಾಯೆ ಉಳಿಯಿತು. ಬೇಸಿಗೆ ಶುರುವಾಗಿತ್ತು, ಫ್ಯಾನ್ ಹಾಕಿದರೆ ಬರ್ನರ್ ಆರುತ್ತದೆಂದು ಬೆವರುತ್ತಲೇ ಮತ್ತೆ ಮತ್ತೆ ಮಾಡಿದೆ. ಪ್ರತಿ ಸಲವೂ ಅದೇ ತೆಳು ನೇರಳೆ. ಜಿಗಣಿಯ ಕೈಗಾರಿಕಾ ಪ್ರದೇಶದಲ್ಲಿ ಸರ್ ಸ್ನೇಹಿತರೊಬ್ಬರ ಪರೀಕ್ಷಾ ಘಟಕವಿತ್ತು. ಸಾರದಲ್ಲಿ ಏನೇನಿದೆ ಎಂದು ಬೇರ್ಪಡಿಸಿ ನೋಡಲು ಅಲ್ಲಿಗೂ ಹೋದೆ. ಕತ್ತಲ ಪೆಟ್ಟಿಗೆಯಲ್ಲಿ ನೇರಳಾತೀತ ಬೆಳಕಿನಡಿ ಸಾರ ಹರಿಯಬಿಟ್ಟ ಗಾಜಿನ ತಟ್ಟೆ ಇಟ್ಟರೆ ಸೀರೆಯ ಅಂಚಿನಂತೆ ಪಟ್ಟಿಗಳು ಹೊಳೆದವು. ಒಗರು ತೆಗೆದ ಸಾರದಲ್ಲಿ ಬುಡದ ಕಪ್ಪು ಪಟ್ಟಿ ಮಾಯವಾಗಿ, ಮೇಲಿನ ಹಳದಿ ಗೆರೆಗಳು ಮಾತ್ರ ಉಳಿದಿದ್ದವು. ಹೂವಿಗೆ ಬಣ್ಣ ಕೊಡುವ ವಸ್ತುಗಳು ಅವು. ಆ ಚೂರು ನೇರಳೆ ಅವುಗಳದ್ದೇ ಇರಬಹುದು. ಅವು ಇನ್ನೂ ಏನಾದರೂ ಮಾಡಬಲ್ಲವೋ ಏನೋ. ಅದಕ್ಕೆ ಬೇರೆ ಪರೀಕ್ಷೆಗಳಿವೆ, ಅವು ನಮ್ಮ ಕಾಲೇಜಿನ ಕೈಗೆಟಕುವಂಥವಲ್ಲ.

ಎಲ್ಲವನ್ನೂ ಪ್ರಸನ್ನ ಸರ್ ಮುಂದಿಟ್ಟೆ. ಅವರು ದಡ್ಡರಲ್ಲ. ಟ್ಯೂಬುಗಳನ್ನು ನೋಡುವ ಮುಂಚೆಯೇ ಅವರ ಮುಖದಲ್ಲಿ ಉತ್ತರವಿತ್ತು.

“ಇದು ಒಗರಿನ ಟ್ಯಾನಿನ್ ಅಂತ ನಂಗೊತ್ತಿಲ್ವಾ ಮೇಡಂ? ಎಲ್ಲರಿಗೂ ಗೊತ್ತು. ಯಾರೂ ತೆಗೆಯಲ್ಲ. ಸಾರ ಅಂದ್ರೆ ಎಲ್ಲ ಸೇರಿದ್ದು ಸಾರ. ಕಾಗದದ ಮೇಲೆ ನಾವೇನೂ ಸುಳ್ಳು ಹೇಳ್ತಿಲ್ಲ.”

“ಬ್ಯಾನರ್ ಮೇಲೆ ಮದ್ದು ಅಂತ ಹಾಕಿದಾರಲ್ಲ ಸರ್.”

“ಅದು ಮ್ಯಾನೇಜ್‌ಮೆಂಟ್. ನನ್ನ ಕೈಲಿಲ್ಲ. ನನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲ ಮೇಡಂ.” ಟ್ಯೂಬುಗಳನ್ನು ನನ್ನ ಕಡೆಗೆ ಸರಿಸಿದರು. “ಒಂದು ಕೆಲಸ ಮಾಡಿ. ಕೇಸಿನ್ ಪ್ರಯೋಗನ ಕೊನೇ ಪುಟಗಳಿಗೆ ಹಾಕಿ. ನಾನು ಸೈನ್ ಮಾಡ್ತೀನಿ. ವೈವಾದಲ್ಲಿ ಮಾತ್ರ ಎತ್ತಬೇಡಿ. ನೀವೇನು ಇದನ್ನಿಟ್ಕೊಂಡು ಕೆಲಸಕ್ಕೆ ಹೋಗ್ಬೇಕಾ? ಇಂಟರ್ನಲ್ ಮಾರ್ಕ್ಸ್ ನನ್ನ ಕೈಲಿದೆ, ಚೆನ್ನಾಗಿ ಕೊಡ್ತೀನಿ. ಡಿಸ್ಟಿಂಕ್ಷನ್ ತಗೊಂಡು ಆರಾಮಾಗಿರಿ.”

ಸುಮ್ಮನೆ ತಲೆಯಾಡಿಸಿ ಬಂದೆ. ಅಭ್ಯಾಸ ಅದು. ದೊಡ್ಡವರು ಹೇಳಿದರೆ, ಗಂಡಸರು ಹೇಳಿದರೆ, ಮೇಜಿನ ಆಚೆ ಕೂತವರು ಹೇಳಿದರೆ ಕತ್ತು ತಾನೇ ಆಡುತ್ತದೆ. ಬಸ್ಸಿನಲ್ಲಿ ಬರುತ್ತಾ ಮಾತ್ರ ಮೈ ಉರಿಯಿತು. ಕೆಲಸಕ್ಕೆ ಹೋಗದವಳಿಗೆ ನಿಜ ಬೇಡವೇ? ಮನೆಯಲ್ಲಿರುವವಳು ಎಂದರೆ ಹೂದಾನಿಯಲ್ಲಿ ಇಟ್ಟ ಹೂವೇ?

ಅಷ್ಟರಲ್ಲಿ ಮುನಿರತ್ನಕ್ಕನ ಮನೆಯಲ್ಲಿ ಬೇರೆಯೇ ನಡೆದಿತ್ತು. ಒಂದು ಸಂಜೆ ಹುಳಿ ಕೊಡಲು ಹೋದಾಗ ನೋಡಿದೆ, ಅಡುಗೆಮನೆಯ ಕಿಟಕಿಯಲ್ಲಿ ಇರುತ್ತಿದ್ದ ಮಾತ್ರೆಯ ಪಟ್ಟಿ ಹಾಗೇ ಇದೆ, ಮೇಲೆ ಒಗ್ಗರಣೆಯ ಜಿಡ್ಡು ಕೂತಿದೆ. ಬಲಗಾಲಿನ ಚಪ್ಪಲಿಯ ಉಂಗುಟ ಬಿಚ್ಚಿಕೊಂಡು ಹೆಬ್ಬೆರಳನ್ನು ಹೊರಗಿಟ್ಟು ನಡೆಯುತ್ತಿದ್ದಾಳೆ. ಬೆರಳಿನ ಪಕ್ಕ ಹಳೇ ಬಟ್ಟೆಯ ಚಿಂದಿ ಸುತ್ತಿದೆ.

“ಇದೇನಕ್ಕ?”

“ಗುದ್ಲಿ ತಾಕ್ತು. ಸಂಕ್ರಾಂತಿ ಟೈಮಲ್ಲಿ.”

ಯುಗಾದಿ ಕಳೆದಿತ್ತು.

“ಮಾತ್ರೆ ತಗೋತಿಲ್ವಾ?”

“ಯಾಕ್ ತಗೋಬೇಕು? ನಿಮ್ ಕಾಲೇಜ್ನೋರೇ ಬ್ಯಾನರ್ ಹಾಕವ್ರೆ, ಸುಗರ್‌ಗೆ ನಮ್ ಹೂವೇ ಮದ್ದು ಅಂತ. ಈಗ ಮೂರೊತ್ತೂ ಅದೇ ಕುಡೀತೀನಿ. ಬಾಡ್ಗೆ ಹುಡ್ಗುರ್ಗೂ ಕುಡಿಸ್ತೀನಿ.”

ನಾನು ನೆಲದ ಮೇಲೆ ಕೂತು ಎಲ್ಲ ಹೇಳಿದೆ. ಒಗರು, ಕೇಸಿನ್, ನೇರಳೆ ಬಣ್ಣ. ಅವಳಿಗೆ ಕೇಳಿಸಿದ್ದು ಒಂದೇ.

“ಅಂದ್ರೆ ನಮ್ ಹೂ ಸುಳ್ಳಾ?”

“ಹೂ ಸುಳ್ಳಲ್ಲ ಅಕ್ಕ. ಬ್ಯಾನರ್ ಸುಳ್ಳು. ನೀವು ಮೊದಲಿನ ಹಾಗೆ ಮಾತ್ರೆ ಜೊತೆ ಕುಡೀರಿ, ಡಾಕ್ಟ್ರಿಗೆ ಹೇಳಿ ಕುಡೀರಿ. ಮಾತ್ರೆ ಬಿಡ್ಬೇಡಿ. ಮೊದಲು ಈ ಕಾಲು ತೋರಿಸಿ.”

“ನಮ್ ಬೇಲಿಲಿ ಕಿತ್ಕೊಂಡೋಗಿ, ನಮ್ ಹೂವಿಗೇ ಎಸ್ರಿಟ್ಟೆ ಬುಡು. ಬಾಯ್ಬುಟ್ರೆ ಇಂಗ್ಲೀಸ್ ಓದಿದೋಳು. ಅಲ್ಲಿ ಕಾಲೇಜ್ ಸಾರ್‌ಗಳೆಲ್ಲ ಐತೆ ಅಂತವ್ರೆ, ನೀನೊಬ್ಳು ಇಲ್ಲ ಅಂತೀಯ. ಅವರ್ ಮುಂದೆ ಯೋಳು ಹೋಗು. ನನ್ ಮುಂದೆ ಏನ್ ಯೋಳ್ತೀಯ?”

ಅಂದಿನಿಂದ ಕಾಂಪೌಂಡಿನ ಮೇಲೆ ಮಾತು ನಿಂತಿತು. ಬೆಳಿಗ್ಗೆ ರಂಗೋಲಿ ಇಡುವಾಗ ಕಣ್ಣಿಗೆ ಬಿದ್ದರೂ ಮುಖ ತಿರುಗಿಸುತ್ತಿದ್ದಳು. ಕುಂಟುವುದು ಮಾತ್ರ ದಿನದಿನಕ್ಕೆ ಹೆಚ್ಚುತ್ತಿರುವುದು ನನಗೆ ಕಾಣುತ್ತಿತ್ತು. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಅವರ ಮುಂದೆ ಹೇಳದ ಮಾತನ್ನು ಅವಳ ಮುಂದೆ ಹೇಳಿದರೆ ಯಾಕೆ ನಂಬಬೇಕು?

ಹೀಗೆ ಬಂತು ಆ ದಿನ. ಬಾಳೆ ಹೂವನ್ನು ಮಜ್ಜಿಗೆಯಲ್ಲೇ ಬಿಟ್ಟು, ಇಸ್ತ್ರಿ ಮಾಡಿದ ಕಾಟನ್ ಸೀರೆ ಉಟ್ಟು ಕಾಲೇಜಿಗೆ ಹೋದೆ. ಗೇಟಿನಲ್ಲಿ ಬ್ಯಾನರ್ ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೋಣೆಯಲ್ಲಿ ಹೊರಗಿನ ಕಾಲೇಜಿನಿಂದ ಬಂದ ಪರೀಕ್ಷಕಿ, ಪ್ರಸನ್ನ ಸರ್, ಅವರ ಪಕ್ಕದಲ್ಲಿ ಆಡಳಿತ ಮಂಡಳಿಯ ಕಾರ್ಯದರ್ಶಿ. ನನ್ನ ವೈವಾ ಎಂದು ಅವರು ವಿಶೇಷವಾಗಿ ಬಂದಿದ್ದರಂತೆ. ಹಿಂದಿನ ಬೆಂಚುಗಳಲ್ಲಿ ಅಶ್ವಿನಿ ಮತ್ತು ತರಗತಿಯವರು.

ಮೊದಲ ಚಿತ್ರ ಪರದೆಯ ಮೇಲೆ ಬಂತು, ನೀಲಿ ಟ್ಯೂಬುಗಳು. ಕಾರ್ಯದರ್ಶಿ ಮುಗುಳ್ನಕ್ಕರು. ಪ್ರಸನ್ನ ಸರ್ ಮುಂದಿನದಕ್ಕೆ ಹೋಗಿ ಎಂದು ಕಣ್ಣಲ್ಲೇ ಹೇಳಿದರು. ಮುಂದಿನದಕ್ಕೆ ಹೋದೆ. ಕೊನೆಯ ಪುಟಗಳಿಗೆ ಹಾಕಿದ್ದ ಪ್ರಯೋಗವನ್ನು ನಾನು ಎರಡನೆಯ ಚಿತ್ರವಾಗಿ ಇಟ್ಟಿದ್ದೆ.

“ಈ ನೀಲಿ ಹೂವಿನ ಒಗರಿನಿಂದ ಬಂದದ್ದು. ಕಾಲೇಜಿನ ಕ್ಯಾಂಟೀನ್ ಟೀಯಲ್ಲೂ ಇಷ್ಟೇ ನೀಲಿ ಬರುತ್ತೆ. ಒಗರು ತೆಗೆದರೆ ಉಳಿಯೋದು ಇಷ್ಟು” ಎಂದು ತೆಳು ನೇರಳೆ ಟ್ಯೂಬಿನ ಚಿತ್ರ ತೋರಿಸಿದೆ.

ಹಿಂದಿನ ಬೆಂಚಿನಲ್ಲಿ ಯಾರೋ ಕ್ಯಾಂಟೀನ್ ಎಂಬುದಕ್ಕೆ ಕಿಸಕ್ಕೆಂದರು. ಪರೀಕ್ಷಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹಾಗಾದ್ರೆ ನಿಮ್ಮ ಗಿಡದಲ್ಲಿ ಏನೂ ಇಲ್ಲ ಅಂತೀರಾ?”

“ಚೂರು ಇದೆ ಮೇಡಂ. ಚೂರನ್ನ ಚೂರು ಅಂತಲೇ ಬರೆದಿದೀನಿ. ಅದು ಮನುಷ್ಯರಲ್ಲಿ ಏನು ಮಾಡುತ್ತೆ ಅಂತ ನನಗೆ ಗೊತ್ತಿಲ್ಲ. ನಾನು ಟ್ಯೂಬಲ್ಲಿ ನೋಡಿದ್ದು ಮಾತ್ರ.”

ಕಾರ್ಯದರ್ಶಿ ಕುರ್ಚಿಯಲ್ಲಿ ಮುಂದೆ ಬಾಗಿದರು. “ಏನಮ್ಮ ಇದು? ಗಿಡಮೂಲಿಕೆ ನಮ್ಮ ಪರಂಪರೆ. ನಮ್ಮವರೇ ಹೀಗೆ ನೆಗೆಟಿವ್ ಮಾತಾಡಿದ್ರೆ ಹೇಗೆ?”

“ಪರಂಪರೆ ಬಗ್ಗೆ ನಾನೇನೂ ಹೇಳ್ತಿಲ್ಲ ಸರ್. ನಿಮ್ಮ ಬ್ಯಾನರ್ ಬಗ್ಗೆ ಹೇಳ್ತಿದೀನಿ. ನಮ್ಮ ಪಕ್ಕದ ಮನೆಯವರು ಅದನ್ನ ನಂಬಿ ಸಕ್ಕರೆ ಕಾಯಿಲೆ ಮಾತ್ರೆ ಬಿಟ್ಟಿದಾರೆ. ಕಾಲಿನ ಗಾಯ ಸಂಕ್ರಾಂತಿಯಿಂದ ಮಾಗಿಲ್ಲ. ಆ ಬೆರಳು ಹೋದ್ರೆ ಯಾರು ಜವಾಬ್ದಾರಿ ಸರ್, ಪರಂಪರೆನಾ, ನೀವಾ?”

ನನ್ನ ಬಾಯಿಂದಲೇ ಬಂತು ಅದು. ಬಂದ ಮೇಲೆ ಸಾರಿ ಎನ್ನಬೇಕೆಂದು ನಾಲಿಗೆ ತುದಿಗೆ ಬಂದಿದ್ದನ್ನು ನುಂಗಿಕೊಂಡೆ. ಕಾರ್ಯದರ್ಶಿಯ ಮುಖ ಕೆಂಪಾಯಿತು. ಪ್ರಸನ್ನ ಸರ್ ತಮ್ಮ ಪೆನ್ನಿನ ಮುಚ್ಚಳ ನೋಡುತ್ತಿದ್ದರು.

“ಮೇಡಂ, ಈ ಪ್ರಯೋಗ ಅನುಬಂಧದಲ್ಲಿ ಇರ್ಬೇಕಿತ್ತು” ಎಂದರು ಮೆಲ್ಲಗೆ.

“ಇದೆ ಸರ್. ಓದುವವರು ಅಲ್ಲಿಯವರೆಗೆ ಹೋಗಲ್ಲ ಅಂತ ಮುಂದೆ ತಂದೆ.”

ಪರೀಕ್ಷಕಿ ಹೆಚ್ಚೇನೂ ಕೇಳಲಿಲ್ಲ. ಕೇಸಿನ್ ಎಷ್ಟು ಹೊತ್ತು ಕುಲುಕಿದಿರಿ, ಯಾವ ಕಾಗದದಲ್ಲಿ ಸೋಸಿದಿರಿ, ಇಂಥ ಎರಡು ಪ್ರಶ್ನೆ ಅಷ್ಟೇ. ನಾನು ಹೇಳುತ್ತಿದ್ದಾಗ ಬರೆದುಕೊಂಡರು. ಹೊಗಳಲಿಲ್ಲ, ತೆಗಳಲಿಲ್ಲ. ಕೆಲವು ವಾರಗಳ ನಂತರ ಫಲಿತಾಂಶ ಬಂದಾಗ ಇಂಟರ್ನಲ್ ಅಂಕ ನೆಲಕಚ್ಚಿತ್ತು. ಪಾಸಾಗಿದ್ದೆ, ದರ್ಜೆ ಮಾತ್ರ ಹೋಗಿತ್ತು. ಸಂಕಿರಣ ಬೇರೆ ಯಾವುದೋ ವಿಷಯದ ಮೇಲೆ ನಡೆಯಿತು. ಹೋದರೆ ಹೋಗಲಿ. ಆ ಅಂಕಪಟ್ಟಿಯನ್ನು ನಾನು ಅತ್ತಿಗೆಗೂ ತೋರಿಸಿದೆ, ಮುಚ್ಚಿಡಲಿಲ್ಲ.

ಅಂದು ವೈವಾ ಮುಗಿಸಿ ಮನೆಗೆ ಬಂದಾಗ ಮೊದಲ ಬೇಸಿಗೆ ಮಳೆ ನಾಲ್ಕು ಹನಿ ಉದುರಿಸಿ ಹೋಗಿತ್ತು. ಸೀರೆ ಬದಲಿಸಿ ಟೀಗೆ ನೀರಿಟ್ಟಿದ್ದೆ. ಹಿಂದಿನ ಬಾಗಿಲು ಬಡಿದ ಸದ್ದು. ಮುನಿರತ್ನಕ್ಕ. ಕೈಯಲ್ಲಿ ಒಂದು ಕಟ್ಟು ದಂಟಿನ ಸೊಪ್ಪು.

“ಸೊಪ್ಪು ಸ್ಯಾನೆ ಬಂದಿತ್ತು” ಎಂದು ಕಟ್ಟೆಯ ಮೇಲಿಟ್ಟಳು. ಹೋಗಲಿಲ್ಲ. ನಿಂತೇ ಇದ್ದಳು. “ಏನಾಯ್ತು ನಿಂದು? ಪಾಸಾ ಫೇಲಾ?”

“ಗೊತ್ತಿಲ್ಲ ಅಕ್ಕ. ಕೂತ್ಕೊಳಿ. ನಿಮ್ಮ ಕಷಾಯದ ಹೂ ಒಂದು ಹಿಡಿ ಇದ್ರೆ ಕೊಡ್ತೀರಾ?”

ನಾನೇಕೆ ಹಾಗೆ ಕೇಳಿದೆನೋ. ಮಧ್ಯಾಹ್ನದ ಧೈರ್ಯ ಇನ್ನೂ ಆರಿರಲಿಲ್ಲ ಎಂದು ಕಾಣುತ್ತದೆ. ಅವಳು ಅನುಮಾನದಿಂದಲೇ ಹೋಗಿ ಹೂ ತಂದಳು. ಕುದಿಸಿ ಕಷಾಯ ಮಾಡಿದೆ. ಪಕ್ಕದಲ್ಲಿ ಟೀ ಪುಡಿಯನ್ನೂ ಕುದಿಸಿದೆ. ಅನ್ನದ ಗಂಜಿ ತೆಳ್ಳಗೆ ಮಾಡಿ ಮೂರು ಗಾಜಿನ ಲೋಟಗಳಿಗೆ ಸುರಿದೆ.

“ಈಗ ಈ ಬಟ್ಟಲಿಗೆ ಉಗೀರಿ ಅಕ್ಕ.”

“ಏನಂದೆ?”

“ಎಂಜಲು ಬೇಕು. ಅದ್ರಲ್ಲೇ ಇರೋದು ಗಂಜಿನ ಸಕ್ಕರೆ ಮಾಡೋದು.”

“ಥೂ, ಏನ್ ಕಾಲೇಜೋ ನಿಂದು!” ಎಂದು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಎಷ್ಟೋ ದಿನಗಳ ಮೇಲೆ ನಕ್ಕದ್ದು. ಆಮೇಲೆ ಬಚ್ಚಲ ಕಡೆ ತಿರುಗಿ ನಿಂತು ಬಟ್ಟಲಿಗೆ ಉಗಿದು ಕೊಟ್ಟಳು. ಅದಕ್ಕೆ ಸ್ವಲ್ಪ ನೀರು ಬೆರೆಸಿ, ಮೂರು ಪಾಲು ಮಾಡಿದೆ. ಒಂದು ಪಾಲನ್ನು ಹಾಗೆಯೇ ಮೊದಲ ಲೋಟದ ಗಂಜಿಗೆ ಸುರಿದೆ. ಇನ್ನೊಂದಕ್ಕೆ ಆರಿದ ತಂಗಡಿ ಕಷಾಯ, ಮತ್ತೊಂದಕ್ಕೆ ಟೀ ಡಿಕಾಕ್ಷನ್ ಬೆರೆಸಿ ಉಳಿದೆರಡು ಲೋಟಗಳಿಗೆ ಹಾಕಿದೆ. ಕಾಯುವಾಗ ಅವಳು ಕಾಲಿನ ಬಟ್ಟೆ ಬಿಚ್ಚಿ ತಾನೇ ನೋಡಿಕೊಂಡು ಮತ್ತೆ ಸುತ್ತಿದಳು. ಗಾಯ ಹಸಿಯಾಗಿಯೇ ಇದ್ದುದನ್ನು ಇಬ್ಬರೂ ನೋಡಿದೆವು.

ಗಾಯಕ್ಕೆ ಹಚ್ಚುವ ಕಂದು ಅಯೋಡಿನ್ ಬಾಟಲಿ ತಂದು ಮೊದಲ ಲೋಟಕ್ಕೆ ಹನಿಸಿದೆ. ನೀಲಿ ಬರಲಿಲ್ಲ. “ಇದು ನಿಮ್ಮ ಎಂಜಲು ಗಂಜಿ ತಿಂದು ಮುಗಿಸಿದ್ದು.” ತಂಗಡಿ ಲೋಟಕ್ಕೆ ಹನಿಸಿದೆ. ನೀಲಿ ಸುರುಳಿ ಸುರುಳಿಯಾಗಿ ಇಳಿಯಿತು.

“ನೋಡ್ದಾ! ಗಂಜಿ ಅಂಗೇ ಐತೆ! ನಮ್ ಹೂ ತಡೀತಲ್ಲ!”

“ತಡೀತು. ಇದನ್ನ ನೋಡಿ.” ಮೂರನೆಯ ಲೋಟಕ್ಕೆ ಹನಿ, ಮತ್ತೊಂದು ಹನಿ, ಇನ್ನೊಂದು. ಅದೂ ನೀಲಿಯಾಯಿತು.

“ಇದ್ಯಾವ್ ಗಿಡ?”

“ಟೀ ಪುಡಿ ಅಕ್ಕ. ನೀವು ದಿನಾ ಕುಡಿಯೋದು.”

ಅವಳು ಲೋಟವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು, ಮೂಸಿ ನೋಡಿದಳು. ತಂಗಡಿ ಲೋಟವನ್ನು ಪಕ್ಕಕ್ಕೆ ಹಿಡಿದಳು.

“ಟೀ ಕುಡ್ದು ನಂಗೆ ಸುಗರ್ ಇಳೀಲಿಲ್ವಲ್ಲ” ಎಂದಳು, ನನಗಲ್ಲ, ಲೋಟಕ್ಕೆ.

ಅವಳು ಲೋಟಗಳನ್ನು ಕಟ್ಟೆಯ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡು, ಗೋಡೆ ಹಿಡಿದು ಎದ್ದಳು. ನನ್ನದು ಸರಿ ಎನ್ನಲಿಲ್ಲ, ಹೂವಿನದು ತಪ್ಪು ಎನ್ನಲೂ ಇಲ್ಲ. ಹಿತ್ತಿಲ ಬಾಗಿಲವರೆಗೆ ಕುಂಟಿಕೊಂಡು ಹೋಗಿ, ಹೊಸ್ತಿಲ ಮೇಲೆ ನಿಂತು, ತಿರುಗದೆಯೇ ಹೇಳಿದಳು.

“ನಾಳೀಕೆ ಕಾಲೇಜಿಲ್ವಲ್ಲ ನಿಂಗೆ, ಸ್ಕೂಟೀಲಿ ಒಸಿ ಚಂದಾಪುರದ್ ಡಾಕ್ಟ್ರತ್ರ ಕರ್ಕೊಂಡೋಗು. ಯಾಕ್ ಮಾತ್ರೆ ಬುಟ್ಟೆ ಅಂತ ಅವ್ರು ಬೈದ್ರೆ ನೀನೇ ಮಾತಾಡು. ಇವತ್ತು ಅಲ್ಲಿ ಸ್ಯಾನೆ ಮಾತಾಡ್ದೆ ಅಂತ ಅಶ್ವಿನಿ ಯೋಳ್ತಿದ್ಲು.”